ಪಾಠ ನೋಡಿ ಕೊಡುವ ನೌಕರಿ, ನೋಡದೆ ಕೊಡುವ ನೌಕರಿ

ನನ್ನ ಅಕ್ಕನ ಮಗಳು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎರಡು ವರ್ಷ ಆಯಿತು. ಬಿ.ಎಸ್ಸಿ ಮುಗಿದಿದೆ, ಬಿ.ಇಡಿ ಮುಗಿದಿದೆ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ 150ಕ್ಕೆ 104 ಬಂದಿದೆ. ಈಗ ಸರಕಾರ ಪೋಸ್ಟ್ ಕರೆಯುವುದನ್ನು ಕಾಯುತ್ತಿದ್ದಾಳೆ. ನವಲಗುಂದ ತಾಲೂಕಿನ ಊರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅವಳ ಬುತ್ತಿ ಬರುತ್ತದೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಡಬ್ಬಿಗಳ ರಾಶಿಯಲ್ಲಿ ತನ್ನ ಹೆಸರು ಹುಡುಕಿ ಎತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿ ಅಲ್ಲೇ ಇಟ್ಟು, ರೀಡಿಂಗ್ ರೂಮಿಗೆ ಹೋಗುತ್ತಾಳೆ. ನಾನು ಓದುವಾಗಲೂ ಬುತ್ತಿ ಹೀಗೇ ಬರುತ್ತಿತ್ತು. ಆಗ ರೀಡಿಂಗ್ ರೂಮುಗಳು ಇಷ್ಟಿರಲಿಲ್ಲ, ಅಷ್ಟೇ.

ನಾನು ಗದಗ ಜಿಲ್ಲೆಯವನು. ಗಣಿತದ ಮಾಸ್ತರ. ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಅಲ್ಲಿಗೆ ಹೋಗಿದ್ದು ನನ್ನ ಜಾಣತನದಿಂದಲ್ಲ. ಹೆಂಡತಿ ನರ್ಸ್. 2019ರಲ್ಲಿ ಅವಳಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನಾನು ಅವಳ ವೀಸಾದ ಸೆರಗು ಹಿಡಿದುಕೊಂಡು ಹೋದೆ. ಮೊದಲ ನಾಲ್ಕು ವರ್ಷ ಅಲ್ಲಿ ನಾನು ಶಿಕ್ಷಕನೇ ಅಲ್ಲ. ನಮ್ಮ ಬಿ.ಇಡಿಗೆ ಸೀದಾ ಬೆಲೆ ಇರಲಿಲ್ಲ. ಕ್ಲಾಸಿನಲ್ಲಿ ಸಹಾಯಕನಾಗಿ ಕೂತೆ, ಆಮೇಲೆ ರಜೆ ಹಾಕಿದ ಶಿಕ್ಷಕರ ಕ್ಲಾಸಿನಲ್ಲಿ ಗದ್ದಲ ಆಗದಂತೆ ನೋಡಿಕೊಳ್ಳುವ ಕೆಲಸ ಮಾಡಿದೆ. 2023ರ ಫೆಬ್ರುವರಿಯಲ್ಲಿ ಅಲ್ಲಿನ ಸರಕಾರ ಭಾರತವೂ ಸೇರಿ ಕೆಲವು ದೇಶಗಳಿಗೆ ಬಾಗಿಲು ತೆರೆಯಿತು. ಗಣಿತ, ವಿಜ್ಞಾನ ಇಲ್ಲವೇ ಭಾಷೆ ಕಲಿಸಲು ತರಬೇತಿ ಆದವರು ಅಲ್ಲಿನ ಶಿಕ್ಷಕರ ಅರ್ಹತೆಗೆ, ಅದನ್ನು ಕ್ಯೂಟಿಎಸ್ ಅನ್ನುತ್ತಾರೆ, ನೇರವಾಗಿ ಅರ್ಜಿ ಹಾಕಬಹುದು ಅಂತಾಯಿತು. ಅವರಿಗೆ ಗಣಿತದ ಮಾಸ್ತರರು ಸಾಲುತ್ತಿರಲಿಲ್ಲ, ನನ್ನ ಅದೃಷ್ಟ.

ಕಳೆದ ಪಂಚಮಿಗೆ ಊರಿಗೆ ಬಂದಾಗ ಅಕ್ಕ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಉಂಡಿ ತಿನ್ನುತ್ತಾ ಹುಡುಗಿ ಕೇಳಿದಳು, "ಮಾಮಾ, ಅಲ್ಲಿ ಮಾಸ್ತರನ್ನ ಹೆಂಗ್ ತಗೋತಾರ?"

ನನ್ನ ಮೊದಲ ಸಂದರ್ಶನದ ದಿನವನ್ನು ಅವಳಿಗೆ ಪೂರ್ತಿ ಹೇಳಿದೆ. ಅಲ್ಲಿ ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆ, ಒಂದೇ ಪಟ್ಟಿ ಅಂತ ಇಲ್ಲ. ಪ್ರತಿ ಶಾಲೆ ತನ್ನ ಜಾಹೀರಾತು ತಾನೇ ಕೊಡುತ್ತದೆ, ತನ್ನ ಮಾಸ್ತರನ್ನು ತಾನೇ ಆರಿಸುತ್ತದೆ. ಬೆಳಿಗ್ಗೆ ಎಂಟೂವರೆಗೆ ನಾಲ್ಕು ಜನ ಅಭ್ಯರ್ಥಿಗಳು ಸೇರಿದೆವು. ಒಂಬತ್ತನೆಯ ಕ್ಲಾಸಿನ ಇಬ್ಬರು ಹುಡುಗಿಯರು ಶಾಲೆ ತೋರಿಸಲು ಬಂದರು. ನಾವು ಅವರ ಜೊತೆ ಹೇಗೆ ಮಾತಾಡಿದೆವು ಅನ್ನುವುದನ್ನು ಆ ಹುಡುಗಿಯರೇ ಒಳಗೆ ಹೋಗಿ ಹೇಳುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ! ಬಳಿಕ ಮುಂಚೆ ಮುಖವನ್ನೇ ನೋಡಿರದ ಮಕ್ಕಳ ಮುಂದೆ 25 ನಿಮಿಷದ ಪಾಠ. ವಿಷಯ ಅನುಪಾತ. ಹಿಂದೆ ಇಬ್ಬರು ಕಾಗದ ಹಿಡಿದು ಕೂತಿದ್ದರು. ಅದಾದ ಮೇಲೆ ಐದು ಮಕ್ಕಳ ಒಂದು ಪುಟ್ಟ ಪಂಚಾಯಿತಿ. ಒಬ್ಬ ಹುಡುಗ ಚೀಟಿ ನೋಡಿಕೊಂಡು ಕೇಳಿದ, "ಗಣಿತ ಅಂದ್ರೆ ಆಗದವರಿಗೆ ನೀವು ಏನು ಮಾಡ್ತೀರಿ?" ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮಲ್ಲಿ ಇಬ್ಬರಿಗೆ ಥ್ಯಾಂಕ್ಯೂ ಹೇಳಿ ಮನೆಗೆ ಕಳಿಸಿದರು. ಆ ಇಬ್ಬರಲ್ಲಿ ನಾನೂ ಒಬ್ಬ.

ಕಳಿಸುವಾಗ ಯಾಕೆ ಅಂತಲೂ ಹೇಳಿದರು. ಗಣಿತ ವಿಭಾಗದ ಮುಖ್ಯಸ್ಥೆ ಕಾಗದ ತೋರಿಸಿದಳು. 25 ನಿಮಿಷದಲ್ಲಿ 19 ನಿಮಿಷ ನಾನೇ ಮಾತಾಡಿದ್ದೆ. "ಮಕ್ಕಳು ಯಾವಾಗ ಗಣಿತ ಮಾಡಿದರು?" ಅಂದಳು. ನನಗೆ ಸಿಟ್ಟು ಬಂತು. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು ಗಂಟಲು ಹರಿಯುವಂತೆ ಹೇಳುವುದೇ ಪಾಠ ಅಂದುಕೊಂಡು ಬೆಳೆದವನು ನಾನು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಬಿ.ಇಡಿ ಪ್ರಾಕ್ಟೀಸ್ ಪಾಠ ಬಿಟ್ಟರೆ, ನನ್ನ ಪಾಠವನ್ನು ಯಾರಾದರೂ ಕೂತು ನೋಡಿ, ಇಂಥದು ತಪ್ಪು ಅಂತ ಹೇಳಿದ್ದು ಅದೇ ಮೊದಲು. ಎರಡನೆಯ ಶಾಲೆಯಲ್ಲೂ ಆಗಲಿಲ್ಲ. ಮೂರನೆಯದರಲ್ಲಿ ಸಂಜೆ ನಾಲ್ಕೂವರೆಗೆ ಫೋನ್ ಬಂತು. ಅಲ್ಲಿಯ ರೀತಿ ಅಂದರೆ ಬರುತ್ತೇನೋ ಇಲ್ಲವೋ ಅಂತ ಫೋನಿನಲ್ಲೇ ಹೇಳಿಬಿಡಬೇಕು. ಮನೆಯಲ್ಲಿ ಕೇಳಿ ಹೇಳ್ತೀನಿ ಅನ್ನುವ ಹಾಗಿಲ್ಲ.

ಹುಡುಗಿ ಬಾಯಿ ಬಿಟ್ಟುಕೊಂಡು ಕೇಳಿದಳು. "ಹುಡುಗರು ಮಾಸ್ತರಿಗೆ ಮಾರ್ಕ್ಸ್ ಕೊಡ್ತಾರ!" ಅಂತ ನಕ್ಕಳು. ನಾನು ಉತ್ಸಾಹದಿಂದ, ಇಲ್ಲೂ ಹಾಗೇ ಆಗಬೇಕು, ಪಾಠ ನೋಡದೆ ಮಾಸ್ತರಿಕೆ ಕೊಡುವುದು ಎಂಥ ಪದ್ಧತಿ ಅಂತ ಶುರು ಮಾಡಿದೆ. ಅವಳು ಉಂಡಿ ಕೆಳಗಿಟ್ಟಳು. "ಇಲ್ಲಿ ಹಂಗ್ ಮಾಡಿದ್ರ ನನಗ ನೌಕರಿ ಹತ್ತತೈತೇನು, ನೀನ ಹೇಳು" ಅಂದಳು.

ನಾನು ಸುಮ್ಮನಾದೆ. ಯಾಕಂದರೆ ಉತ್ತರ ನನಗೇ ಚೆನ್ನಾಗಿ ಗೊತ್ತಿತ್ತು.

ಬಿ.ಇಡಿ ಮುಗಿಸಿದ ಹೊಸದರಲ್ಲಿ ನಮ್ಮ ಕಡೆಯ ಒಂದು ಅನುದಾನಿತ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ಅನುದಾನಿತ ಅಂದರೆ ಗೊತ್ತಲ್ಲ, ಶಾಲೆ ಖಾಸಗಿ ಸಂಸ್ಥೆಯದು, ಪಗಾರ ಸರಕಾರದ್ದು. ಅಲ್ಲಿ ಸಂದರ್ಶನ ಇತ್ತು, ಪಾಠವನ್ನೂ ಮಾಡಿಸಿದರು. ಆಡಳಿತ ಮಂಡಳಿಯವರು ಬೆಂಚಿನಲ್ಲಿ ಕೂತು ಕೇಳಿದರು. ಒಬ್ಬ ಹಿರಿಯರು "ಭಾಳ ಛಲೋ ಹೇಳಿದ್ರಿ" ಅಂದರು. ಆಮೇಲೆ ಇನ್ನೊಬ್ಬರು ನನ್ನನ್ನು ವರಾಂಡಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ, ಕಟ್ಟಡ ನಿಧಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಿದರು. ಒಂದು ಅಂಕಿಯನ್ನೂ ಹೇಳಿದರು. ನಮ್ಮಪ್ಪನ ಹತ್ತಿರ ನಾಲ್ಕು ಎಕರೆ ಎರೆಹೊಲ ಇತ್ತು. ಅದರಲ್ಲಿ ಎರಡು ಎಕರೆ ಆ ಅಂಕಿಯೊಳಗೆ ಮುಳುಗುತ್ತಿತ್ತು. ಅಪ್ಪ ಮಾರಲು ತಯಾರಾಗಿದ್ದರು, ನಾನೇ ಒಲ್ಲೆ ಅಂದೆ. ನಮ್ಮ ಕಡೆ ನನ್ನ ಪಾಠವನ್ನು ನೋಡಿದ ಒಂದೇ ಒಂದು ಶಾಲೆ ಪಾಠವನ್ನು ಮೆಚ್ಚಿ ಹೊಲ ಕೇಳಿತು.

ಅದಕ್ಕೇ ಸರಕಾರಿ ಪರೀಕ್ಷೆಯನ್ನು ನಾನು ಈಗ ಹಗುರವಾಗಿ ಆಡುವುದಿಲ್ಲ. ಟಿಇಟಿ, ಅದಾದ ಮೇಲೆ ನೇಮಕಾತಿ ಪರೀಕ್ಷೆ, ಅಂಕಗಳನ್ನೆಲ್ಲ ಕೂಡಿಸಿ ಒಂದು ಪಟ್ಟಿ, ಮೀಸಲಾತಿ, ಕೌನ್ಸೆಲಿಂಗ್. ಈ ದಾರಿಯಲ್ಲಿ ಯಾರೂ ನಿಮ್ಮ ಮುಖ ನೋಡುವುದಿಲ್ಲ. ಮುಖ ನೋಡುವುದಿಲ್ಲವಾದ್ದರಿಂದ ಅಡ್ಡಹೆಸರನ್ನೂ ನೋಡುವುದಿಲ್ಲ, ಅಪ್ಪನ ಕಿಸೆಯನ್ನೂ ನೋಡುವುದಿಲ್ಲ. ರೋಣದ ಕೂಲಿಯವರ ಮಗಳು, ಹಾನಗಲ್ಲಿನ ಸಣ್ಣ ರೈತನ ಮಗ ಯಾರ ಕಾಲಿಗೂ ಬೀಳದೆ ಮಾಸ್ತರಾಗಲು ಇರುವ ದಾರಿ ಇದೊಂದೇ. ಇಂಗ್ಲೆಂಡಿನ ಹೆಡ್ ಮಾಸ್ತರರಿಗೆ ಇರುವ ಅಧಿಕಾರವನ್ನು ನಾಳೆ ನಮ್ಮ ಕಡೆಯವರ ಕೈಗೆ ಕೊಟ್ಟರೆ ವರಾಂಡಗಳು ಸಾಲುವುದಿಲ್ಲ.

ಹಾಗಂತ ಈ ದಾರಿ ಸಲೀಸು ಅಂತಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆ ಕರೆದರು. ಮೇ ತಿಂಗಳಲ್ಲಿ ಪರೀಕ್ಷೆ ಆಯಿತು. ಮದುವೆಯಾದ ಹೆಣ್ಣುಮಕ್ಕಳ ಜಾತಿ ಆದಾಯ ಪ್ರಮಾಣಪತ್ರ ಅಪ್ಪನ ಕಡೆಯದಿರಬೇಕೋ ಗಂಡನ ಕಡೆಯದಿರಬೇಕೋ ಅನ್ನುವುದರ ಮೇಲೆ ಕೋರ್ಟಿಗೆ ಹೋಯಿತು. ಆದೇಶ ಕೈಗೆ ಬರುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ಪರೀಕ್ಷೆ ಬರೆದು ಒಂದೂವರೆ ವರ್ಷ ಅಂದರೆ ಎಷ್ಟು ಬುತ್ತಿ ಡಬ್ಬಿ, ಲೆಕ್ಕ ಹಾಕಿ. ಅಕ್ಕನ ಮಗಳಿಗೆ ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತವೆ. ಆದರೆ ಎರಡು ವರ್ಷದಿಂದ ಅವಳು ಒಂದು ಮಗುವಿಗೂ ಒಂದು ಲೆಕ್ಕವನ್ನೂ ಹೇಳಿಕೊಟ್ಟಿಲ್ಲ. ನಾನು ವಾಪಸ್ ಹೋದ ಮೇಲೆ, 2025ರ ಸೆಪ್ಟೆಂಬರ್ 1ಕ್ಕೆ, ಸುಪ್ರೀಂ ಕೋರ್ಟಿನ ತೀರ್ಪೂ ಬಂತು. ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಉಳಿದಿರುವ, ಟಿಇಟಿ ಆಗದ ಶಿಕ್ಷಕರು ಎರಡು ವರ್ಷದೊಳಗೆ ಅದನ್ನು ಪಾಸಾಗಬೇಕು ಅಂತ. ನಮ್ಮೂರಿನ ಮಾಸ್ತರೊಬ್ಬರು ಇಪ್ಪತ್ತು ವರ್ಷ ಕಲಿಸಿದ ಮೇಲೆ ಗೈಡ್ ಕೊಂಡಿದ್ದಾರೆ. ಅವರು ಕಲಿಸುವುದನ್ನು ನೋಡಬೇಕು ಅಂತ ಯಾರಿಗೂ ಈಗಲೂ ಅನಿಸಿಲ್ಲ.

ಪರೀಕ್ಷೆ ಇರಲಿ. ನನಗೆ ಚುಚ್ಚುವುದು ಅತಿಥಿ ಶಿಕ್ಷಕರ ವಿಷಯ.

ಇಂಗ್ಲೆಂಡಿಗೆ ಹೋಗುವ ಮುಂಚೆ ಮೂರು ವರ್ಷ ರೋಣ ತಾಲೂಕಿನ ಸರಕಾರಿ ಹೈಸ್ಕೂಲಿನಲ್ಲಿ ನಾನು ಅತಿಥಿ ಶಿಕ್ಷಕನಾಗಿದ್ದೆ. ಅತಿಥಿ ಅನ್ನುವ ಮಾತು ಎಷ್ಟು ಚಂದ ಅಲ್ವಾ? ಬೇಸಿಗೆ ಬಂದರೆ ಅತಿಥಿಯನ್ನು ಮನೆಗೆ ಕಳಿಸುತ್ತಾರೆ, ಪಗಾರ ಇಲ್ಲ. ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು. ಆಗ ತಿಂಗಳಿಗೆ ಹತ್ತು ಸಾವಿರ ಮುಟ್ಟುತ್ತಿರಲಿಲ್ಲ, ಅದೂ ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ್ದಾರೆ, ಇರಲಿ. ಎಸ್ಎಸ್ಎಲ್‌ಸಿಗೆ ಪೂರ್ತಿ ಗಣಿತ ನಾನೇ ತೆಗೆದುಕೊಳ್ಳುತ್ತಿದ್ದೆ. ಆದರೂ ಕಿರಾಣಿ ಅಂಗಡಿಯವನು ಉದ್ರಿ ಬರೆಯುವ ಮುಂಚೆ "ನಿಮ್ಮದು ಪರ್ಮನೆಂಟ್ ಏನ್ರಿ ಸರ್?" ಅಂತ ಕೇಳುತ್ತಿದ್ದ. ನನ್ನ ಮಾವನವರೂ ಅದನ್ನೇ ಕೇಳಿದ್ದರು. ಮಗಳಿಗೆ ನರ್ಸಿಂಗ್ ನೌಕರಿ ಇತ್ತು ಅಂತ ಲಗ್ನ ಆಯಿತು ಅನ್ನಿ.

ಆ ಮೂರು ವರ್ಷಕ್ಕೆ ನೇಮಕಾತಿ ಪಟ್ಟಿಯಲ್ಲಿ ನನಗೆ ಒಂದು ಅಂಕವೂ ಸಿಗಲಿಲ್ಲ. ಕವೆಂಟ್ರಿಯ ಶಾಲೆ ಮಾತ್ರ ಆ ಮೂರು ವರ್ಷದ ಪತ್ರ ತರಿಸು ಅಂತ ಹಿಂದೆ ಬಿತ್ತು. ಅಲ್ಲಿ ನಿಮ್ಮ ಬದುಕಿನ ಪ್ರತಿ ತಿಂಗಳಿಗೂ ಲೆಕ್ಕ ಕೊಡಬೇಕು, ಮಧ್ಯೆ ಖಾಲಿ ಬಿಟ್ಟರೆ ಯಾಕೆ ಅಂತ ಕೇಳುತ್ತಾರೆ. ಹಳೆಯ ಹೆಡ್ ಮಾಸ್ತರರು ಕನ್ನಡದಲ್ಲಿ, ಗುಂಡನೆಯ ಸೀಲು ಒತ್ತಿ, "ಮನಃಪೂರ್ವಕವಾಗಿ ಕಲಿಸಿರುತ್ತಾರೆ" ಅಂತ ಬರೆದುಕೊಟ್ಟರು. ಅನುವಾದ ಮಾಡಿಸಿ ಕಳಿಸಿದೆ. ಅದನ್ನು ನೋಡಿ ನನ್ನನ್ನು ಪಗಾರದ ಮೊದಲ ಮೆಟ್ಟಿಲಿನಲ್ಲಿ ಇಡದೆ ಮೂರನೆಯದಕ್ಕೆ ಏರಿಸಿದರು. ರೋಣದ ಹುಡುಗರಿಗೆ ತ್ರಿಕೋನಮಿತಿ ಹೇಳಿದ್ದು ರೋಣದಲ್ಲಿ ಲೆಕ್ಕಕ್ಕಿಲ್ಲ, ಕವೆಂಟ್ರಿಯಲ್ಲಿ ಲೆಕ್ಕಕ್ಕಿದೆ. ಇದನ್ನು ನೆನೆದರೆ ನನಗೆ ಇವತ್ತಿಗೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಮುಖ ನೋಡಿ ಆರಿಸುವುದು ನಮ್ಮಲ್ಲಿ ಬೇಡ, ಒಪ್ಪಿದೆ. ಆದರೆ ವರ್ಷಗಟ್ಟಲೆ ಅದೇ ಸರಕಾರದ ಶಾಲೆಯಲ್ಲಿ ನಿಂತು ಕಲಿಸಿದ್ದು ಹಾಜರಿ ಪುಸ್ತಕದಲ್ಲೇ ಇದೆಯಲ್ಲ? ಅದಕ್ಕೆ ವರ್ಷಕ್ಕೆ ಇಷ್ಟು ಅಂತ ಅಂಕ ಕಟ್ಟಲು ಯಾರ ವರಾಂಡವೂ ಬೇಕಿಲ್ಲ. ಜೊತೆಗೆ ವರ್ಷಕ್ಕೆರಡು ಸಲ ಬೇರೆ ಶಾಲೆಯ ಅನುಭವಿ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಕೂರಲಿ, ಅಂಕ ಕೊಡಲಿಕ್ಕಲ್ಲ, ಸುಮ್ನೆ ಹೇಳಿಕೊಡಲಿಕ್ಕೆ. ಇಂಗ್ಲೆಂಡಿನಲ್ಲಿ ಹೊಸ ಶಿಕ್ಷಕರಿಗೆ ಮೊದಲ ಎರಡು ವರ್ಷ ಹೀಗೆ ಒಬ್ಬರನ್ನು ಜೋಡಿಸುತ್ತಾರೆ, ಪಿರಿಯಡ್‌ಗಳನ್ನೂ ಸ್ವಲ್ಪ ಕಡಿಮೆ ಮಾಡುತ್ತಾರೆ. ಮಾಸ್ತರಿಕೆ ಕಲಿಸುವುದು ಧಾರವಾಡಕ್ಕೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ ಕಾಲದಿಂದ ಇಲ್ಲಿ ಕನ್ನಡ ಶಾಲೆಯ ಮಾಸ್ತರರನ್ನು ತಯಾರು ಮಾಡಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿ "ಹಂಗಾದ್ರ ನಾನೂ ಅಲ್ಲೇ ಬರ್ತೀನಿ" ಅಂದಳು. ಅದಕ್ಕೂ ಒಂದು ಮಾತು ಹೇಳಬೇಕಾಯಿತು. ಅಲ್ಲಿ ನೌಕರಿ ಸಿಗುವುದಕ್ಕಿಂತ ನೌಕರಿಯಲ್ಲಿ ಉಳಿಯುವುದು ಕಷ್ಟ. ಹೊಸದಾಗಿ ಸೇರಿದವರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಬ್ಬರು ಐದು ವರ್ಷದೊಳಗೆ ಬಿಟ್ಟು ಹೋಗುತ್ತಾರೆ. ಲಂಡನ್ ಬಿಟ್ಟು ಉಳಿದ ಕಡೆ ಶುರುವಿನ ಪಗಾರ 2025ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 32,916 ಪೌಂಡ್. ರೂಪಾಯಿಗೆ ತಿರುಗಿಸಿದರೆ ಕಣ್ಣು ಕುಕ್ಕುತ್ತದೆ, ಮನೆ ಬಾಡಿಗೆ ಕೊಟ್ಟ ಮೇಲೆ ಕಣ್ಣು ಸರಿಹೋಗುತ್ತದೆ. ವರ್ಗಾವಣೆ ಅನ್ನುವುದು ಇಲ್ಲ. ಹೆಂಡತಿಗೆ ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಾದರೆ ನಾನು ಮತ್ತೆ 25 ನಿಮಿಷದ ಪಾಠದಿಂದ ಶುರು ಮಾಡಬೇಕು. ರಾಜೀನಾಮೆಗೂ ತಾರೀಖು ಇದೆ. ಬೇಸಿಗೆ ರಜೆಗೆ ಬಿಡುವುದಾದರೆ ಮೇ 31ರೊಳಗೆ ಹೇಳಬೇಕು, ತಪ್ಪಿದರೆ ಡಿಸೆಂಬರ್ ತನಕ ಕೂತಿರು. ಹೊಸ ಕಡೆಗೆ ಅರ್ಜಿ ಹಾಕಿದರೆ ನಿಮ್ಮ ಈಗಿನ ಹೆಡ್ ಮಾಸ್ತರರನ್ನೇ ಅಭಿಪ್ರಾಯ ಕೇಳುತ್ತಾರೆ, ಗುಟ್ಟು ಉಳಿಯುವುದಿಲ್ಲ. ನಮ್ಮ ಕಡೆ ಹೊಸಬರನ್ನು ಸಿ ವಲಯದ ಯಾವುದೋ ಹಳ್ಳಿಗೆ ಹಾಕಿದರೂ, ಒಂದಲ್ಲ ಒಂದು ದಿನ ಕೌನ್ಸೆಲಿಂಗ್ ಬರುತ್ತದೆ, ಗಂಡ ಹೆಂಡತಿ ಕೋಟಾ ಇದೆ. ನೌಕರಿ ಹತ್ತಿದ ಮೇಲೆ ಅರವತ್ತರ ತನಕ ನೆಮ್ಮದಿ.

ಮಾಸ್ತರಿಕೆಗಾಗಿ ನಾಡು ಬಿಟ್ಟವರಲ್ಲಿ ನಾನೇನು ಮೊದಲಿನವನಲ್ಲ. ಧಾರವಾಡದ ಬೇಂದ್ರೆ ಮಾಸ್ತರರೇ ಜೈಲಿಗೆ ಹೋಗಿ ಬಂದ ಮೇಲೆ ನೌಕರಿ ಇಲ್ಲದೆ ಒದ್ದಾಡಿದವರು. ಕೊನೆಗೆ 1944ರಿಂದ 1956ರವರೆಗೆ ಅವರಿಗೆ ಅನ್ನ ಕೊಟ್ಟಿದ್ದು ಸೊಲ್ಲಾಪುರದ ಕಾಲೇಜು. ಇದನ್ನು ಹೇಳಿದರೆ ಅಕ್ಕ, "ಅವರು ಬೇಂದ್ರೆ, ನೀ ಯಾರು?" ಅಂದಳು. ಸರಿ.

ಸಂಜೆ ಮಳೆ ನಿಂತಿತ್ತು. ಓಣಿಯ ಹುಡುಗರು ಜೋಕಾಲಿಗೆ ಅಂತ ನಮ್ಮ ಪಡಸಾಲೆಯಲ್ಲಿ ಸೇರಿದ್ದರು, ಏಳೆಂಟು ಜನ. ಅಕ್ಕನ ಮಗಳು ತಾನಾಗಿಯೇ ಎದ್ದಳು. "ಮಾಮಾ, ಟೈಮ್ ಹಚ್ಚು" ಅಂದಳು. ಉಂಡಿ ಮುರಿದು ಭಿನ್ನರಾಶಿ ಹೇಳಿದಳು. ಅರ್ಧ, ಕಾಲು, ಅರೆಕಾಲು. ದನಿ ಗಟ್ಟಿ ಇತ್ತು, ಮಾತು ಚೊಕ್ಕ ಇತ್ತು. ಹುಡುಗರು ಉಂಡಿಯನ್ನೇ ನೋಡುತ್ತಿದ್ದರು. ನಾನು ಮೊಬೈಲ್ ಹಿಡಿದು ಹಿಂದೆ ಕೂತಿದ್ದೆ. ಮುಗಿದ ಮೇಲೆ ಓಡಿ ಬಂದಳು.

"ಎಷ್ಟ್ ಮಾತಾಡಿದೆ?"

"ಇಪ್ಪತ್ತೈದರಾಗ ಇಪ್ಪತ್ತೊಂದು."

"ನಿನಗಿಂತ ಎರಡ ಜಾಸ್ತಿ" ಅಂದಳು. ಚೂರು ಮಾಡಿದ ಉಂಡಿಯನ್ನು ಹುಡುಗರ ಕೈಗೆ ಹಾಕುತ್ತಾ, "ಟಿಇಟಿಯೊಳಗ ಇದನ್ನ ಕೇಳೂದಿಲ್ಲ ಬಿಡು" ಅಂದಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಧಾರವಾಡಕ್ಕೆ ಹೋದಳು. ಆ ದಿನದ ಬುತ್ತಿ ಅವಳ ಕೈಯಲ್ಲೇ ಇತ್ತು.