ಕಂದಾಗಿದ್ದು ನೀರಿನ ಕೊಳೆಯಲ್ಲ, ಕಡ್ಡಿಯ ತುಕ್ಕು

ಕೋಲಾರದ ಕಡೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೊ ಓಡಾಡುತ್ತಿದೆ. ಒಂದು ಲೋಟದಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಆರ್‌ಓ ಫಿಲ್ಟರಿನಲ್ಲಿ ಸೋಸಿದ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಇಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬೋರ್ ನೀರು ಕಂದಾಗಿ ಗಸಿ ಕಟ್ಟುತ್ತದೆ. "ನೋಡಿ, ನೀವು ದಿನಾ ಕುಡಿಯೋ ವಿಷ ಇದು" ಎನ್ನುತ್ತಾರೆ. ಮನೆ ಬಾಗಿಲಿಗೆ ಫಿಲ್ಟರ್ ಮಾರಲು ಬರುವವರದ್ದೂ ಇದೇ ಆಟ.

ಇದು ತಪ್ಪು. ಆ ಗಸಿ ಹೆಚ್ಚಾಗಿ ಕಡ್ಡಿಯದ್ದೇ. ಕಡ್ಡಿ ಕಬ್ಬಿಣದ್ದು. ನೀರಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಓ ನೀರಲ್ಲಿ ಲವಣ ತೀರಾ ಕಡಿಮೆ. ಕರೆಂಟೇ ಸರಿಯಾಗಿ ಹರಿಯದಿದ್ದರೆ ಬಣ್ಣ ಎಲ್ಲಿಂದ ಬರಬೇಕು? ಆ ನೀರಿಗೂ ಚಿಟಿಕೆ ಉಪ್ಪು ಹಾಕಿ ತೋರಿಸಿ ಎಂದು ಮಾರುವವರನ್ನೇ ಕೇಳಿ, ಅದೂ ಕಂದಾಗುತ್ತದೆ. (ನೀವೇ ಮಾಡಲು ಹೋಗಬೇಡಿ, ಶಾಕ್ ಹೊಡೆದೀತು.)

ಹಾಗಂತ ನಮ್ಮ ಬೋರ್ ನೀರೆಲ್ಲ ಚೆನ್ನಾಗಿದೆ ಅಂತಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಫ್ಲೋರೈಡ್ (ನೆಲದಿಂದ ನೀರಿಗೆ ಸೇರುವ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಅಂಶ) ನಿಜವಾದ ತೊಂದರೆ. ಬೇರೆ ನೀರೇ ಸಿಗದಿದ್ದರೂ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದರೂ ಹೋಗುವುದಿಲ್ಲ. ಕಡ್ಡಿ ಆಟದಲ್ಲಿ ಅದು ಗೊತ್ತಾಗುವುದಿಲ್ಲ, ಟಿಡಿಎಸ್ ಮೀಟರಿನಲ್ಲೂ ಅಷ್ಟೇ. ಮೀಟರು ಕೊಡುವುದು ಒಟ್ಟು ಲವಣದ ಅಂದಾಜು ಮಾತ್ರ. ಆರ್‌ಓ ಫ್ಲೋರೈಡನ್ನು ಇಳಿಸುತ್ತದೆ, ನಿಮ್ಮ ಮನೆಗೆ ಬೇಕಾಗಲೂಬಹುದು. ಮೊದಲು ನೀರು ಪರೀಕ್ಷಿಸುವ ಜಿಲ್ಲಾ ಲ್ಯಾಬಿಗೆ ಒಂದು ಬಾಟಲಿ ಕೊಟ್ಟು ಎಷ್ಟಿದೆ ಅಂತ ನೋಡಿಸಿ, ಆಮೇಲೆ ಫಿಲ್ಟರಿನ ಮಾತು.