ಒಂದೇ ಭಾನುವಾರ, ಐದು ಸಲ ಖರೀದಿ

ಅಕ್ಕನ ಮನೆಯ ಶೋಕೇಸಿನಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಡಬ್ಬಿ ಇದೆ. ಒಂದು ಪಕ್ಕ ಚನ್ನಪಟ್ಟಣದ ಗೊಂಬೆ, ಇನ್ನೊಂದು ಪಕ್ಕ ತಿರುಪತಿ ತಿಮ್ಮಪ್ಪ, ನಡುವೆ ಇದು. ಹೋದ ದೀಪಾವಳಿಗೆ ಮನೆ ಗುಡಿಸಿ ಒರೆಸುವಾಗ ಅಕ್ಕನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಉಪ್ಪುಕಾಗದ ತಂದು ಒಂದು ಮೂಲೆಯನ್ನು ತಿಕ್ಕಿ ತಿಕ್ಕಿ ಫಳಫಳ ಮಾಡಿ, ಮೇಲೆ ಚೂರು ಕೊಬ್ಬರಿ ಎಣ್ಣೆಯನ್ನೂ ಸವರಿದಳು.

ವಾಕಿಂಗ್ ಮುಗಿಸಿ ಬಂದ ಭಾವ ಬಾಗಿಲಲ್ಲೇ ಕುಸಿದರು.

“ತುಕ್ಕು ತೆಗೆದುಬಿಟ್ಯಲ್ಲೇ!”

“ಹೂಂ ರೀ. ಇನ್ನೂ ಮೂರು ಮೂಲೆ ಬಾಕಿ ಇದೆ.”

“ಅದು ಒರಿಜಿನಲ್ ತುಕ್ಕು ಕಣೇ!”

ಇದರಲ್ಲಿ ಅಕ್ಕನ ತಪ್ಪೇನೂ ಇಲ್ಲ. 1997ರಲ್ಲಿ ವರ್ವ್ ಅನ್ನುವ ರೆಕಾರ್ಡ್ ಕಂಪನಿ, ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್ ಕಂಪನಿಗಾಗಿ ನುಡಿಸಿದ್ದನ್ನೆಲ್ಲ 18 ಸಿಡಿಗಳಲ್ಲಿ ತುಂಬಿ, ಕಬ್ಬಿಣದ ಡಬ್ಬಿಯಲ್ಲಿಟ್ಟು ಮಾರಿತು. ಡಬ್ಬಿಗೆ ಬಣ್ಣ ಬಳಿಯಲಿಲ್ಲ. ಮರೆತದ್ದಲ್ಲ, ಬೇಕಂತಲೇ ಬಿಟ್ಟದ್ದು. ದಿನ ಹೋದಂತೆ ಅದಕ್ಕೆ ತುಕ್ಕು ಹಿಡಿಯಬೇಕು, ಅದೇ ಅದರ ಡಿಸೈನು. ನಮ್ಮ ಅಜ್ಜಿಯ ಟ್ರಂಕಿಗೂ ಹೀಗೇ ತುಕ್ಕು ಹಿಡಿದಿತ್ತು. ಗುಜರಿಯವನು ಕೆಜಿ ಲೆಕ್ಕದಲ್ಲಿ ಒಯ್ದ. ಪಾಪ, ಅವನಿಗೆ ಡಿಸೈನ್ ಗೊತ್ತಿರಲಿಲ್ಲ.

ಭಾವ ಆಗ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದರು. ಆ ವರ್ಷ ಊರಿಗೆ ಬರುವಾಗ ಅಕ್ಕ ಕೇಳಿದ್ದ ಡಿನ್ನರ್ ಸೆಟ್ ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ. ಬಾಕ್ಸ್ ಸೆಟ್ ಹಿಡಿಸಿತು.

ಜಾಝ್ ಪಿಯಾನೊ ಕೇಳುವವರಲ್ಲಿ ಎರಡು ಪಂಗಡ. ಭಾವನವರದು ಬಾಕ್ಸ್ ಸೆಟ್ ಪಂಗಡ. ಕಲಾವಿದ ಕೆಮ್ಮಿದ್ದೂ ಬೇಕು, ಸೀನಿದ್ದೂ ಬೇಕು, ಒಂದೂ ಬಿಟ್ಟುಹೋಗಬಾರದು. ನನ್ನದು ಬಿಡಿ ಆಲ್ಬಂ ಪಂಗಡ. ಅಂದು ಹೇಗೆ ಬಂತೋ ಹಾಗೆ, ನಲವತ್ತು ನಿಮಿಷ, ಅದೇ ಹೊದಿಕೆ, ಅದೇ ಕ್ರಮ. ನಾವಿಬ್ಬರೂ ಇಪ್ಪತ್ತೈದು ವರ್ಷದಿಂದ ಜಗಳವಾಡುತ್ತಿದ್ದೇವೆ. ಇಬ್ಬರ ದುಡ್ಡೂ ಒಂದೇ ಕಡೆ ಹೋಗುತ್ತಿದೆ ಅನ್ನುವುದು ನನಗೆ ಹೊಳೆದದ್ದು ತೀರಾ ಈಚೆಗೆ.

ಜಗಳದ ಮೂಲ ಒಂದು ಭಾನುವಾರ. 1961ರ ಜೂನ್ 25. ನ್ಯೂಯಾರ್ಕಿನ ಸೆವೆಂತ್ ಅವೆನ್ಯೂದಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಅಂತ ಒಂದು ಕ್ಲಬ್ಬು. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಬೇಕು. ನೂರು ಚಿಲ್ಲರೆ ಜನ ಹಿಡಿಸುವಷ್ಟು ಜಾಗ. ಅಲ್ಲಿ ಇವಾನ್ಸ್, ಬಾಸ್ ವಾದಕ ಸ್ಕಾಟ್ ಲಫಾರೊ, ಡ್ರಮ್ಮಿಗೆ ಪಾಲ್ ಮೋಷನ್. ಮಧ್ಯಾಹ್ನ ಎರಡು ಸುತ್ತು, ರಾತ್ರಿ ಮೂರು ಸುತ್ತು ನುಡಿಸಿದರು. ರಿವರ್‌ಸೈಡ್ ಕಂಪನಿಯವರು ಎಲ್ಲವನ್ನೂ ಟೇಪ್ ಮಾಡಿಕೊಂಡರು. ಸರಿಯಾಗಿ 11 ದಿನಕ್ಕೆ, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ಇನ್ನೂ 25 ವರ್ಷ.

ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಮತ್ತು ಇವಾನ್ಸ್ ಕೂತು ಆ ಐದು ಸುತ್ತಿನಿಂದ ಆರು ಹಾಡು ಆರಿಸಿದರು. ಲಫಾರೊ ಬರೆದ ಹಾಡೊಂದು ಮೊದಲಿಗೆ, ಅವನದೇ ಇನ್ನೊಂದು ಕೊನೆಗೆ. ಅದು ‘ಸಂಡೆ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’. ಮರುವರ್ಷ ಇನ್ನಾರು ಹಾಡಿನ ‘ವಾಲ್ಟ್ಸ್ ಫಾರ್ ಡೆಬ್ಬಿ’ ಬಂತು. ಡೆಬ್ಬಿ ಅಂದರೆ ಇವಾನ್ಸನ ಅಣ್ಣನ ಮಗಳು. ಎರಡು ಪ್ಲೇಟು, ಹನ್ನೆರಡು ಹಾಡು. ಇಷ್ಟಕ್ಕೆ ಕತೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಸಿಡಿ ಬಂದಾಗ, ಇನ್ನೂ ಜಾಗ ಇದೆಯಲ್ಲ ಅಂತ ಅಂದು ಆರಿಸದೆ ಬಿಟ್ಟದ್ದನ್ನು ಆರು ಹಾಡಿನ ಬಾಲಕ್ಕೆ ‘ಬೋನಸ್’ ಅಂತ ಕಟ್ಟಿದರು. ರಿವರ್‌ಸೈಡಿನ ಅಷ್ಟೂ ಇವಾನ್ಸ್ ಸೇರಿದ 12 ಸಿಡಿಯ ಬಾಕ್ಸ್ ಬಂತು, ಅದರಲ್ಲೂ ಈ ಭಾನುವಾರ ಇತ್ತು. 2005ರಲ್ಲಿ ಬರೀ ಈ ಭಾನುವಾರದ್ದೇ 3 ಸಿಡಿಯ ‘ಕಂಪ್ಲೀಟ್’ ಬಂತು. ಭಾವ ಮೂರನ್ನೂ ಕೊಂಡರು.

ಆ ಕಂಪ್ಲೀಟ್ ಬಾಕ್ಸಿನಲ್ಲಿ ಹೊಸದೇನು ಅಂತ ಕೇಳಿ. ಮೊದಲ ಸಿಡಿ ಶುರುವಾಗುವುದೇ ಅದರಿಂದ. ಬ್ಯಾಂಡು ಮೊದಲ ಹಾಡು ನುಡಿಸುತ್ತಿದೆ, ನಡುವೆ ಕರೆಂಟ್ ಹೋಗುತ್ತದೆ. ಟೇಪು ಹಾಳು. ಅದಕ್ಕೇ ಅದನ್ನು ನಲವತ್ತು ವರ್ಷ ಯಾರೂ ಹೊರಗೆ ಬಿಟ್ಟಿರಲಿಲ್ಲ. ಈಗ ಬಿಟ್ಟರು. ‘ಮೊದಲ ಟೇಕ್, ಅಡಚಣೆಯಾದದ್ದು’ ಅಂತ ಹೆಸರೂ ಕೊಟ್ಟರು. ಭಾವ ಅದನ್ನು ನನಗೆ ಕೇಳಿಸಿದ ದಿನ ಅವರ ಮುಖ ನೋಡಬೇಕಿತ್ತು. “ಈಗ... ಈಗ... ಹಾಂ! ಹೋಯ್ತು ನೋಡು ಕರೆಂಟು!” ನಲವತ್ತು ಚಿಲ್ಲರೆ ವರ್ಷದ ಹಿಂದೆ ನ್ಯೂಯಾರ್ಕಿನಲ್ಲಿ ಹೋದ ಕರೆಂಟು. ನಮ್ಮಲ್ಲಿ ಅದು ಮನೆ ಬಾಗಿಲಿಗೆ ಫ್ರೀಯಾಗಿ ಬರುತ್ತದೆ, ಬಿಲ್ ಕಟ್ಟಿದವರಿಗೂ ಕಟ್ಟದವರಿಗೂ.

ಇನ್ನು ಜನರ ಗಲಾಟೆ. ಆ ಭಾನುವಾರ ಕ್ಲಬ್ಬಿಗೆ ಬಂದವರೆಲ್ಲ ಉಸಿರು ಬಿಗಿ ಹಿಡಿದು ಕೇಳಿದರು ಅಂದುಕೊಳ್ಳಬೇಡಿ. ಮಾತಾಡಿದರು, ನಕ್ಕರು, ಗ್ಲಾಸು ಟಿಣ್ ಅನ್ನಿಸಿದರು. ಜಗತ್ತಿನ ಅತಿ ನವಿರಾದ ಪಿಯಾನೊ ನಾಲ್ಕು ಮಾರು ದೂರದಲ್ಲಿ ನುಡಿಯುತ್ತಿತ್ತು, ಇವರದು ಏನೋ ಸ್ವಂತ ಹರಟೆ. ಅವರು ಕೇಳಲಿಲ್ಲ. ಆದರೆ ಪ್ರತಿ ಮರುಬಿಡುಗಡೆಯಲ್ಲೂ ಅವರ ದನಿ ಇನ್ನಷ್ಟು ತಿಳಿಯಾಗುತ್ತಿದೆ. ಹೊಸ ರೀಮಾಸ್ಟರಿನಲ್ಲಿ, ಅಂದರೆ ಹಳೇ ಟೇಪಿನ ಸದ್ದನ್ನು ಮತ್ತೆ ತಿದ್ದಿ ತೀಡಿದ್ದರಲ್ಲಿ, ಗ್ಲಾಸಿನ ಸದ್ದು ಎಷ್ಟು ಚೆನ್ನಾಗಿ ಬಂದಿದೆ ಅಂತ ರಸಿಕರು ತಾಸುಗಟ್ಟಲೆ ಚರ್ಚೆ ಮಾಡುತ್ತಾರೆ. ಸಂಗೀತ ಕೇಳದೆ ಕುಡಿಯುತ್ತಾ ಕೂತವನ ಗ್ಲಾಸನ್ನು, ಕುಡಿಯದ ನಮ್ಮ ಭಾವ ಕಣ್ಣು ಮುಚ್ಚಿ ಕೇಳುತ್ತಾರೆ.

ಬಾಕ್ಸಿನ ದೊಡ್ಡ ಕಷ್ಟ ಇನ್ನೊಂದು ಇದೆ. ಅಂದು ‘ಆಲ್ ಆಫ್ ಯು’ ಅನ್ನುವ ಹಾಡನ್ನು ಮೂರು ಸಲ ನುಡಿಸಿದ್ದರು. ಮೂರೂ ಇವೆ. ‘ವಾಲ್ಟ್ಸ್ ಫಾರ್ ಡೆಬ್ಬಿ’ ಎರಡು ಸಲ. ‘ಮೈ ರೊಮಾನ್ಸ್’ ಎರಡು ಸಲ. ಒಂದೊಂದು ಸುತ್ತಿಗೂ ಬೇರೆ ಬೇರೆ ಗಿರಾಕಿಗಳು ಇದ್ದಾರೆಂದು ನಂಬಿ ಅವರು ನುಡಿಸಿದ್ದು. ಎಲ್ಲ ಸುತ್ತಿಗೂ ಒಬ್ಬನೇ ಮನುಷ್ಯ ಕೂತಿರುತ್ತಾನೆ, ಅವನೂ ಮೈಸೂರಿನಲ್ಲಿ ಅಂತ ಅವರಿಗೇನು ಗೊತ್ತು?

“ರೀ, ಇದೇ ಹಾಡು ಆಗಲೇ ಆಯ್ತಲ್ವಾ?” ಅಂತ ಅಕ್ಕ ಅಡುಗೆ ಮನೆಯಿಂದ ಕೇಳುತ್ತಾಳೆ.

“ಅದು ಎರಡನೇ ಟೇಕು. ಇದು ಮೂರನೇದು.”

“ಓಹೋ. ನಾನು ಸಾರನ್ನ ಮೂರು ಸಲ ಬಡಿಸಿದ್ರೆ ಗೊಣಗ್ತೀರಿ.”

ಫಿಲ್ಟರ್ ಕಾಫಿ ಕುಡಿಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಕಾಕ್ಷನ್ ಲೋಟಕ್ಕೆ, ಚರಟ ಗಿಡದ ಬುಡಕ್ಕೆ. ಕೀಪ್‌ನ್ಯೂಸ್ ಮಾಡಿದ ಕೆಲಸ ಅದೇ. ಕಂಪ್ಲೀಟ್ ಬಾಕ್ಸಿನವರು ಬುಡಕ್ಕೆ ಹಾಕಿದ ಚರಟವನ್ನೂ ಬಾಚಿ ತಂದು, ನಂಬರ್ ಹಾಕಿ, ಪುಸ್ತಿಕೆ ಬರೆಸಿ ಕೊಡುತ್ತಾರೆ. ಕೀಪ್‌ನ್ಯೂಸರ ಇನ್ನೊಂದು ಕಸುಬುಗಾರಿಕೆ ನೆನಪಾಗುತ್ತದೆ. 1956ರಲ್ಲಿ ಇನ್ನೊಬ್ಬ ಜಾಝ್ ಪಿಯಾನೊ ವಾದಕ ಥಿಲೋನಿಯಸ್ ಮಾಂಕ್ ‘ಬ್ರಿಲಿಯಂಟ್ ಕಾರ್ನರ್ಸ್’ ಅನ್ನುವ ತನ್ನದೇ ಹಾಡನ್ನು ರೆಕಾರ್ಡ್ ಮಾಡಲು ಕೂತ. ಎಷ್ಟು ಕಷ್ಟದ ಹಾಡೆಂದರೆ 25 ಸಲ ಶುರು ಮಾಡಿದರೂ ಒಂದು ಸಲವೂ ಸರಿಯಾಗಿ ಕೊನೆ ಮುಟ್ಟಲಿಲ್ಲ. ಕೀಪ್‌ನ್ಯೂಸ್ ಚೂರುಗಳನ್ನು ಕತ್ತರಿಸಿ ಅಂಟಿಸಿ ಒಂದು ಹಾಡು ಮಾಡಿದರು. ಇಂದಿಗೂ ಅದು ಮಾಂಕನ ದೊಡ್ಡ ಕೆಲಸಗಳಲ್ಲೊಂದು. ಮಾಂಕನ ರಿವರ್‌ಸೈಡ್ ಬಾಕ್ಸಿನ ಹೆಸರೂ ‘ಕಂಪ್ಲೀಟ್’ ಅಂತಲೇ. ಒಮ್ಮೆಯೂ ಕಂಪ್ಲೀಟ್ ಆಗದ ಹಾಡು ಕಂಪ್ಲೀಟ್ ಬಾಕ್ಸಿನಲ್ಲಿ ಆರಾಮಾಗಿ ಕೂತಿದೆ.

‘ಕೊನೆಯದು’ ಅನ್ನುವ ಪದದ ಗತಿ ಇನ್ನೂ ಚೆಂದ. ಇವಾನ್ಸ್ 1980ರ ಸೆಪ್ಟೆಂಬರ್ 15ರಂದು ತೀರಿಕೊಂಡ. ಆ ಜೂನಿನಲ್ಲಿ ವ್ಯಾನ್‌ಗಾರ್ಡಿನಲ್ಲಿ ನುಡಿಸಿದ್ದು ‘ಅಂತಿಮ’ ಅಂತ 6 ಸಿಡಿ. ಸಾಯುವ ಮುನ್ನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂಬತ್ತು ರಾತ್ರಿ ನುಡಿಸಿದ್ದು ‘ಕೊನೆಯ ವಾಲ್ಟ್ಸ್’ ಅಂತ 8 ಸಿಡಿ. ಅದೇ ರಾತ್ರಿಗಳದ್ದು ಮಿಕ್ಕಿದ್ದು ಇನ್ನೊಂದು ಹೆಸರಲ್ಲಿ ಮತ್ತೆ 8 ಸಿಡಿ. ಇದು ಸಾಲದು ಅಂತ, ದಂಪತಿಗಳಿಬ್ಬರು ವರ್ಷಗಟ್ಟಲೆ ವ್ಯಾನ್‌ಗಾರ್ಡಿಗೆ ಕದ್ದು ರೆಕಾರ್ಡರ್ ಒಯ್ದು ಹಿಡಿದುಕೊಂಡದ್ದೂ 8 ಸಿಡಿಯ ಬಾಕ್ಸಾಗಿ ಬಂತು. ಕದ್ದದ್ದು ಅನ್ನುವುದನ್ನು ಮುಚ್ಚಿಡಲಿಲ್ಲ, ಹೆಸರಲ್ಲೇ ‘ಸೀಕ್ರೆಟ್’ ಇದೆ.

ಇದನ್ನೆಲ್ಲ ಯಾರು ಕೇಳುತ್ತಾರೆ ಅಂತ ಕನ್ನಡದವರು ಕೇಳಬಾರದು. ನಮ್ಮ ಮನೆಗಳಲ್ಲಿ ‘ಸಮಗ್ರ ಸಾಹಿತ್ಯ’ ಇಲ್ಲವೇ? ಬಿಡುಗಡೆಗೆ ಮುಂಚೆ ದುಡ್ಡು ಕಟ್ಟಿದರೆ ರಿಯಾಯಿತಿ ಅಂತ ಕೊಂಡದ್ದು. ಬೆನ್ನಿನ ಮೇಲೆ ಬಂಗಾರದ ಅಕ್ಷರ, ಒಳಗೆ ಅಂಟಿಕೊಂಡೇ ಇರುವ ಹಾಳೆ. ನನ್ನಲ್ಲಿ ಮೂವರು ಸಾಹಿತಿಗಳು ಸಮಗ್ರವಾಗಿದ್ದಾರೆ. ಓದಿದ್ದು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಬಿಡಿ ಕಾದಂಬರಿಗಳನ್ನೇ.

ಇಷ್ಟು ಹೇಳಿದ ಮೇಲೆ ಬಿಡಿ ಆಲ್ಬಮ್ಮಿನವನಾದ ನಾನು ಜಾಣ ಅಂತ ನಿಮಗೆ ಅನಿಸಿರಬಹುದು. ನನಗೂ ಬಹಳ ವರ್ಷ ಹಾಗೇ ಅನಿಸಿತ್ತು.

‘ವಾಲ್ಟ್ಸ್ ಫಾರ್ ಡೆಬ್ಬಿ’ಯನ್ನು ನಾನು ಮೊದಲು ಕೊಂಡದ್ದು ಬೋನಸ್ ಬಾಲದ ಸಿಡಿ. ಬಾಲ ಬೇಡ ಅಂತ ಬಾಲವಿಲ್ಲದ ಜಪಾನಿ ಸಿಡಿ ತರಿಸಿದೆ. ಸಿಡಿಯಲ್ಲಿ ಜೀವ ಇಲ್ಲ ಅಂದರು, ಎಲ್‌ಪಿ, ಅಂದರೆ ಸೂಜಿ ಇಟ್ಟು ಕೇಳುವ ಹಳೇ ಪ್ಲೇಟು, ಕೊಂಡೆ. ನಿಮಿಷಕ್ಕೆ 33 ಸುತ್ತಿನ ವೇಗದ ಎಲ್‌ಪಿಯಲ್ಲಿ ಗೀರು ಇಕ್ಕಟ್ಟು, 45ರ ವೇಗದ್ದೇ ಸರಿ ಅಂದರು. ಅದನ್ನೂ ಕೊಂಡೆ. ಈ 45ರ ಮಹಿಮೆ ಏನೆಂದರೆ, ಪ್ಲೇಟು ಜೋರಾಗಿ ತಿರುಗುವುದರಿಂದ ಒಂದು ಎಲ್‌ಪಿಯ ಹಾಡು ಎರಡು ಪ್ಲೇಟಿಗೆ ಹರಡುತ್ತದೆ. ಬದಿಗೆ ಹತ್ತು ನಿಮಿಷ. ನಲವತ್ತು ನಿಮಿಷದ ಆಲ್ಬಮ್ಮಿಗೆ ಮೂರು ಸಲ ಎದ್ದು ಹೋಗಿ ಮಗುಚಬೇಕು, ಥೇಟ್ ದೋಸೆ ಮಗುಚಿದ ಹಾಗೆ. ನವಿರಾದ ಹಾಡು ಕೇಳಿ ಕಣ್ಣು ಮುಚ್ಚುವಷ್ಟರಲ್ಲಿ ಸೂಜಿ ಖರಖರ ಅನ್ನುತ್ತದೆ. ನನ್ನ ಮಂಡಿಗೆ ಅದರಿಂದ ಒಳ್ಳೆಯದೇ ಆಗಿದೆ. ಕೊನೆಗೆ, ಭಾವನಿಗೆ ಹೇಳದೆ, ಆ 3 ಸಿಡಿಯ ಕಂಪ್ಲೀಟನ್ನೂ ಕೊಂಡೆ. ಕರೆಂಟ್ ಹೋಗುವುದನ್ನು ಒಬ್ಬನೇ ಕೂತು ನಿಧಾನವಾಗಿ ಕೇಳಬೇಕಿತ್ತು.

ಬಿಡಿ ಆಲ್ಬಮ್ಮಿನವರ ದೊಡ್ಡ ಹೆಮ್ಮೆ ಕಿವಿ. ಬಾಕ್ಸಿನವರು ಎಣಿಸುತ್ತಾರೆ, ನಾವು ಕೇಳುತ್ತೇವೆ ಅಂತ ಗರ್ವ. ಹಳೆಯ ಟೇಪಿನಿಂದ ನೇರ ಪ್ಲೇಟಿಗೆ ಬರಬೇಕು, ಅದೇ ‘ಅನಲಾಗ್’, ನಡುವೆ ಕಂಪ್ಯೂಟರ್ ಮುಟ್ಟಿದರೆ ಮೈಲಿಗೆ. ಒಂದು ಚೂರು ಡಿಜಿಟಲ್ ಸೇರಿದರೂ ಥಟ್ಟನೆ ಗೊತ್ತಾಗುತ್ತದೆ ಅಂತ ಎದೆ ತಟ್ಟಿಕೊಳ್ಳುತ್ತಿದ್ದೆವು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಪ್ಲೇಟುಗಳೆಂದರೆ ಇಂಥವರಿಗೆ ಮಡಿ ಬಟ್ಟೆ. 125 ಡಾಲರ್ ಕೊಟ್ಟು ಒಂದೊಂದು ಆಲ್ಬಂ ಕೊಳ್ಳುತ್ತಿದ್ದರು. 2022ರ ಜುಲೈನಲ್ಲಿ ಅರಿಜೋನಾದ ಒಬ್ಬ ರೆಕಾರ್ಡ್ ಅಂಗಡಿಯವನು ವಿಡಿಯೊ ಮಾಡಿ ಹೊರಗೆ ಹಾಕಿದ: ಹತ್ತು ವರ್ಷದಿಂದ ಅವರ ಬಹಳಷ್ಟು ಪ್ಲೇಟುಗಳಲ್ಲಿ ನಡುವೆ ಡಿಜಿಟಲ್ ಇದೆ. ಕಂಪನಿಯೂ ಒಪ್ಪಿಕೊಂಡಿತು.

ಆ ಹತ್ತು ವರ್ಷ ಒಬ್ಬನಿಗೂ ಗೊತ್ತಾಗಿರಲಿಲ್ಲ. ಆ ಪ್ಲೇಟುಗಳನ್ನೇ ‘ಶುದ್ಧ ಅನಲಾಗ್ ಅಂದರೆ ಇದು’ ಅಂತ ಹೊಗಳಿದ್ದರು. ವಿಡಿಯೊ ಬಂದ ಮಾರನೇ ದಿನದಿಂದ ಎಲ್ಲರಿಗೂ ಗೊತ್ತಾಗತೊಡಗಿತು. ನನಗೂ ಮೊದಲೇ ಏನೋ ಅನುಮಾನ ಇತ್ತು ಅಂತ ಹೇಳಿಕೊಂಡು ಓಡಾಡಿದವರು ಎಷ್ಟು ಜನ! ಮೊಕದ್ದಮೆ ಆಯಿತು, ಸುಮಾರು 2.5 ಕೋಟಿ ಡಾಲರ್‌ವರೆಗಿನ ರಾಜಿ ಆಯಿತು. ಕಿವಿಗೆ ಪರಿಹಾರ ಯಾರೂ ಕೇಳಲಿಲ್ಲ.

ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಭಾವನಿಗೆ ಅನ್ಯಾಯ. ಹರ್ಬಿ ನಿಕೋಲ್ಸ್ ಅಂತ ಒಬ್ಬ ಪಿಯಾನೊ ವಾದಕ ಇದ್ದ. ಅವನಂಥ ರಾಗ ಕಟ್ಟುವವರು ಕಮ್ಮಿ. ಬ್ಲೂ ನೋಟ್ ಕಂಪನಿ 1950ರ ದಶಕದಲ್ಲಿ ಅವನಿಂದ ರಾಶಿ ನುಡಿಸಿಕೊಂಡು, ಸ್ವಲ್ಪ ಮಾತ್ರ ಹೊರಗೆ ಬಿಟ್ಟಿತು. ಮಾರಾಟ ಆಗಲಿಲ್ಲ. ಹೊಟ್ಟೆಪಾಡಿಗೆ ಹಳೇ ಶೈಲಿಯ ಬ್ಯಾಂಡುಗಳಲ್ಲಿ ನುಡಿಸುತ್ತಾ, 1963ರಲ್ಲಿ, 44ನೇ ವಯಸ್ಸಿಗೆ ಸತ್ತ. 1987ರಲ್ಲಿ ಮೊಸಾಯಿಕ್ ಅನ್ನುವ ಪುಟ್ಟ ಕಂಪನಿ ಅಷ್ಟನ್ನೂ ಬಾಕ್ಸ್ ಮಾಡಿ ತಂದಿತು. ಅಲ್ಲಿ ಆರಿಸುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಭಾವನ ಹತ್ತಿರ ನಿಕೋಲ್ಸ್ ಬಾಕ್ಸ್ ಇದೆಯಾ ಅಂತ ಕೇಳಿದೆ.

“ಇಲ್ಲ. ಅದರಲ್ಲಿ ಸಿಡಿ ಮೂರೇ ಅಲ್ವಾ,” ಅಂದರು.

ಅವರ 18 ಸಿಡಿಯ ಕಬ್ಬಿಣದ ಡಬ್ಬಿಯಲ್ಲಿ ನಾಲ್ಕನೆಯದರ ನಂತರ ಯಾವುದಕ್ಕೂ ಕೈ ತಾಗಿದ ಗುರುತಿಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಅವರು ಇವಾನ್ಸ್ ಕೇಳುವುದು ಮೊಬೈಲಿನಲ್ಲಿ. ಅಲ್ಲಿ ಬಾಕ್ಸೂ ಇಲ್ಲ, ಬಿಡಿಯೂ ಇಲ್ಲ. ಎರಡು ಹಾಡಿನ ನಡುವೆ ಒಬ್ಬಳು ಹೆಂಗಸು ಬಂದು ಸಾಲ ಬೇಕಾ ಅಂತ ಕೇಳುತ್ತಾಳೆ.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಆಷಾಢದ ಜಡಿಮಳೆ. ಕಿಟಕಿ ಪೂರ್ತಿ ತೆರೆದಿತ್ತು. ಭಾವ ಸ್ಟೂಲ್ ಹಾಕಿ, ಅದರ ಮೇಲೆ ಡಬ್ಬಿ ಇಟ್ಟು, ಅಕ್ಕ ತಿಕ್ಕಿದ್ದ ಆ ಒಂದು ಮೂಲೆಗೆ ಮಾತ್ರ ಇರಚಲು ಬಡಿಯುವ ಹಾಗೆ ಸರಿಸಿ ಸರಿಸಿ ಹೊಂದಿಸುತ್ತಿದ್ದರು. ಕೊಬ್ಬರಿ ಎಣ್ಣೆಯ ಜಿಡ್ಡು ಇನ್ನೂ ಬಿಟ್ಟಿಲ್ಲವಂತೆ. ನೀರು ನಿಲ್ಲುತ್ತಲೇ ಇಲ್ಲ.