ಬಿಲಾಲರ ಬದುಕು ಬಿಡುಗಡೆಗೇ ಮುಗಿಯಲಿಲ್ಲ

ಇಸ್ಲಾಮಿನ ಆರಂಭದ ದಿನಗಳಲ್ಲಿ ದಾಸರಾಗಿದ್ದ ಬಿಲಾಲ್ ಬಿನ್ ರಬಾಹ್ ಅವರ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ಧನ್ಯವಾದ. ಇಸ್ಲಾಂ ಒಪ್ಪಿದ್ದಕ್ಕೆ ಮಕ್ಕಾದ ಸುಡುವ ಮರಳಿನ ಮೇಲೆ ಮಲಗಿಸಿ ಎದೆಗೆ ಬಂಡೆ ಹೇರಿದರೂ ಅವರು ‘ಅಹದ್, ಅಹದ್’ (ದೇವರು ಒಬ್ಬನೇ) ಅಂದಿದ್ದನ್ನು ಓದುವಾಗ ಕಣ್ಣು ತುಂಬಿತು. ಆದರೆ ಪ್ರವಾದಿ ಮುಹಮ್ಮದರ ಆಪ್ತ ಸಂಗಾತಿ ಅಬೂಬಕರ್ ಬಂದು ಬಿಲಾಲರನ್ನು ದಾಸ್ಯದಿಂದ ಬಿಡಿಸಿದಲ್ಲಿಗೇ ಲೇಖನ ನಿಂತಿದೆ. ಅಸಲಿ ಕಥೆ ಅಲ್ಲಿಂದಲೇ ಶುರು ಅಲ್ವಾ?

ಮದೀನಾದಲ್ಲಿ ಅಝಾನಿನ, ಅಂದರೆ ಪ್ರಾರ್ಥನೆಗೆ ಕೂಗುವ ಕರೆಯ, ಮಾತುಗಳು ಕನಸಲ್ಲಿ ಬಂದಿದ್ದು ಅಬ್ದುಲ್ಲಾ ಬಿನ್ ಝೈದ್ ಎಂಬ ಸಂಗಾತಿಗೆ. ಆದರೂ ಪ್ರವಾದಿಯವರು ಅದನ್ನು ಬಿಲಾಲರಿಗೆ ಹೇಳಿಕೊಡಿ ಅಂದರು. ಬಿಲಾಲರ ದನಿ ಹೆಚ್ಚು ಚೆನ್ನಾಗಿದೆ ಅಂತ. ಅಬಿಸೀನಿಯಾ ಮೂಲದ ಹಮಾಮಾ ಎಂಬ ದಾಸಿಯ ಮಗ ಇಡೀ ಊರನ್ನು ಪ್ರಾರ್ಥನೆಗೆ ಕರೆಯುವವರಾದರು.

ನನಗೆ ಜಾಸ್ತಿ ಕಾಡುವುದು 630ರ ಆ ದಿನ. ಮಕ್ಕಾ ಮುಸ್ಲಿಮರ ಕೈಸೇರಿತ್ತು. ಪ್ರವಾದಿಯವರು ಬಿಲಾಲರನ್ನು ಕಾಬಾದ ಮೇಲೆ ಹತ್ತಿಸಿ ಅಝಾನ್ ಕೊಡಿಸಿದರು. ಯಾವ ಊರು ಅವರನ್ನು ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದಾಡಿತ್ತೋ, ಅದೇ ಊರು ತಲೆಯೆತ್ತಿ ಅವರನ್ನು ನೋಡಬೇಕಾಯಿತು. ಮಕ್ಕಾದ ಪ್ರಬಲ ಬುಡಕಟ್ಟಾದ ಕುರೈಶರಲ್ಲಿ ಕೆಲವರಿಗೆ ಅದು ಸಹಿಸಲಾಗಲಿಲ್ಲ. ಬಿಲಾಲರ ಹಳೆಯ ಯಜಮಾನ ಉಮಯ್ಯಾ ಮಾತ್ರ ಇದನ್ನು ನೋಡಲು ಉಳಿದಿರಲಿಲ್ಲ, ಬದ್ರ್ ಯುದ್ಧದಲ್ಲೇ ಸತ್ತಿದ್ದ.

‘ಅಬೂಬಕರ್ ನಮ್ಮ ನಾಯಕರು, ನಮ್ಮ ನಾಯಕರೊಬ್ಬರನ್ನು ಬಿಡಿಸಿದವರು’ ಅಂತ ಮುಂದೆ ಖಲೀಫರಾದ ಉಮರ್ ಹೇಳುತ್ತಿದ್ದರು. ಆ ಎರಡನೆಯ ನಾಯಕ ಬಿಲಾಲರೇ.

632ರಲ್ಲಿ ಪ್ರವಾದಿ ತೀರಿಕೊಂಡ ಮೇಲೆ ಬಿಲಾಲರಿಗೆ ಮದೀನಾದಲ್ಲಿ ಅಝಾನ್ ಕೊಡುವ ಮನಸ್ಸೇ ಉಳಿಯಲಿಲ್ಲ. ಸಿರಿಯಾಕ್ಕೆ ಹೊರಟುಹೋದರು. ಉಮರ್ ಅಲ್ಲಿಗೆ ಬಂದಾಗ ಒತ್ತಾಯಕ್ಕೆ ಒಮ್ಮೆ ಅಝಾನ್ ಕೊಟ್ಟರಂತೆ. ಹಳೆಯ ಸಂಗಾತಿಗಳೆಲ್ಲ ಗಡ್ಡ ನೆನೆಯುವಷ್ಟು ಅತ್ತರಂತೆ.